ಬಿಸಿಲಿಗೂ ಏರದ ನೀರು

ಗ್ಯಾಸಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಮಕ್ತಲದ ನಮ್ಮ ಮನೆಗೆ ಬಂದು, "ಕಾಕಾ, ಈ ಕೆಲಸ ಹೆಂಗೈತ್ರಿ?" ಎಂದು ಕೇಳುತ್ತಾರೆ. ಊಟಕ್ಕೆ ಕೊರತೆಯಿಲ್ಲ, ನಿದ್ದೆಗೆ ಕೊರತೆ ಎನ್ನುತ್ತೇನೆ. ಅವರು ನಗುತ್ತಾರೆ. ನಗಲಿ, ನಾನೂ ಮೊದಲು ನಕ್ಕವನೇ. ಯಾರದೋ ಮನೆಯ ರೆಗ್ಯುಲೇಟರ್ ಸರಿಮಾಡಿ ಹೊರಟು ಊರ ಅಗಸಿ ದಾಟಿದ ಮೇಲೆ, ಆ ನಟ್ಟು ಬಿಗಿ ಮಾಡಿದೆನೋ ಇಲ್ಲವೋ ಎಂಬ ಹುಳ ತಲೆಗೆ ಹೊಕ್ಕಿತೆಂದರೆ ಮುಗಿಯಿತು. ಮೋಟಾರ್‌ಬಂಡಿ ತಿರುಗಿಸಿ ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕು. "ಏನ್ ಮರ್ತು ಹೋದ್ರಿ?" ಎಂದು ಕೇಳಿದರೆ, "ಚಷ್ಮಾ ಬಿಟ್ಟಿದ್ದೆ" ಎಂದು ಸುಳ್ಳು ಹೇಳಬೇಕು, ಮೂಗಿನ ಮೇಲೆ ಚಷ್ಮಾ ಇದ್ದರೂ. ನನ್ನ ಹೆಂಡತಿ ನೀಲಮ್ಮ ನನಗಿಟ್ಟ ಹೆಸರು ಅಂಜುಬುರುಕ. ಅಂದುಕೊಳ್ಳಲಿ. ಅಂಜದವರ ಕೈಗೆ ಗ್ಯಾಸು ಕೊಡಲೇಬಾರದು ಎಂಬುದು ಇವತ್ತಿಗೂ ನನ್ನ ಖಚಿತ ಅಭಿಪ್ರಾಯ.

ನಾರಾಯಣಪೇಟೆಯ ಗ್ಯಾಸ್ ಏಜೆನ್ಸಿಯೊಂದರಲ್ಲಿ ನಾನು ಮೆಕ್ಯಾನಿಕ್ ಆಗಿದ್ದೆ. ಯಾವಾಗ ಪಗಾರ ಏರಿತು, ಯಾವಾಗ ದೊಡ್ಡ ಮೆಕ್ಯಾನಿಕ್ ಅನ್ನಿಸಿಕೊಂಡೆ, ಅದನ್ನೆಲ್ಲ ಕೇಳಿ ನಿಮಗೇನಾಗಬೇಕು? ನನ್ನ ಕೈಯಲ್ಲಿದ್ದ ಮನೋಮೀಟರಿನ ಮಾತು ಹೇಳುತ್ತೇನೆ. ಅದೊಂದು ಗಾಜಿನ ನಳಿ. ಕೆಳಗೆ ಬಾಗಿ ಮತ್ತೆ ಮೇಲೆ ಬಂದಿರುತ್ತದೆ, ಎತ್ತಿನ ಕೊರಳಿನ ಕಣ್ಣಿಯ ಹಾಗೆ. ಅದನ್ನು ಹಲಗೆಗೆ ಕಟ್ಟಿ, ಪಕ್ಕದಲ್ಲಿ ಅಳತೆ ಗೀರಿ, ಅರ್ಧ ನೀರು ತುಂಬಿರುತ್ತಾರೆ. ಒಂದು ತುದಿಗೆ ಗ್ಯಾಸಿನ ಪೈಪು ಸೇರಿಸಿದರೆ ಗ್ಯಾಸು ಆ ಕಡೆಯ ನೀರನ್ನು ಕೆಳಕ್ಕೆ ದಬ್ಬುತ್ತದೆ, ಈ ಕಡೆಯ ನೀರು ಮೇಲೇರುತ್ತದೆ. ಎರಡರ ನಡುವಿನ ಅಂತರವೇ ಒತ್ತಡ. ಅಡುಗೆಮನೆಯ ಒಲೆಗೆ ಹೆಚ್ಚುಕಡಿಮೆ ಒಂದು ಅಡಿ ನೀರಿನಷ್ಟು ಸಾಕು. ಆಮೇಲೆ ಸಿಲಿಂಡರ್ ಬಂದ್ ಮಾಡಿ ಸುಮ್ಮನೆ ನೋಡುತ್ತ ಕೂರಬೇಕು. ಏರಿದ ನೀರು ಇಳಿಯತೊಡಗಿತೆಂದರೆ ಎಲ್ಲೋ ಸೋರುತ್ತಿದೆ. ನಿಂತಿತೆಂದರೆ ಸೋರುತ್ತಿಲ್ಲ. ಇಷ್ಟೇ ವಿದ್ಯೆ. ಕೇಳಿದರೆ ಮಕ್ಕಳಾಟ ಅನ್ನಿಸುತ್ತದೆ, ಅಲ್ಲವೇ? ನನಗೂ ಅನ್ನಿಸಿತ್ತು.

ಕಲಿಸಿದವರು ನಮ್ಮ ಫೋರ್‌ಮನ್ ಖಾಜಾ ಸಾಬರು. ಬಿಳಿ ಗಡ್ಡ, ತಲೆಗೆ ಜಾಳಿಗೆಯ ಟೋಪಿ, ಬಾಯಲ್ಲಿ ಸದಾ ಲವಂಗ. ನೀರು ನೋಡುವಾಗ ಯಾರಾದರೂ ಪಿಟಕ್ಕೆಂದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಡಾಕ್ಟರ್ ನಾಡಿ ಹಿಡದಾಗ ಮಾತಾಡ್ತಾನೇನ? ಖಾಮೋಶ್ ಕೂಡು ಚನ್ನಾ, ನೀರ್ ನೋಡು" ಎನ್ನುತ್ತಿದ್ದರು. ನಾನು ಚನ್ನಬಸಪ್ಪ, ಅವರ ಬಾಯಲ್ಲಿ ಮಾತ್ರ ಚನ್ನಾ. ನನ್ನ ಅಪ್ಪ ಕೂಡ ಹಾಗೆ ಪ್ರೀತಿಯಿಂದ ಕರೆದವನಲ್ಲ.

ಮೊದಲ ವರ್ಷ ನಾನು ಮಾಡಿಕೊಂಡ ಫಜೀತಿ ಕೇಳಿ. ಮಕ್ತಲದ ಒಬ್ಬ ಸಾಹುಕಾರರ ಮನೆ, ಕತ್ತಲೆಯ ಅಡುಗೆಮನೆ, ನಳಿಯಲ್ಲಿ ತಿಳಿನೀರು. ಕಣ್ಣು ಕಿರಿದು ಮಾಡಿ ನೋಡಿದರೂ ನೀರೆಲ್ಲಿದೆ ಗೊತ್ತಾಗದು. ಮನೆಯ ಅಮ್ಮ ಕನಿಕರದಿಂದ, "ತಡೀರಿ ಅಣ್ಣಾರ, ಇದರಾಗ ಒಂದ್ ಚಿಟಿಕಿ ಕುಂಕುಮ ಹಾಕ್ರಿ. ಛಲೋ ಕಾಣಸ್ತೈತಿ, ಶುಭನೂ ಆತು" ಎಂದು ಭರಣಿ ಹಿಡಿದು ಬಂದಳು. ಹಾಕಿದೆ. ಏನು ಚಂದ ಕಂಡಿತು ಅಂತೀರಿ! ಆ ದಿನವೆಲ್ಲ ಅದೇ ನಳಿ ಹಿಡಿದು ಮನೆ ಮನೆ ತಿರುಗಿದೆ. ಎಲ್ಲ ಮನೆಯಲ್ಲೂ ಒತ್ತಡ ಕಡಿಮೆ. ರೆಗ್ಯುಲೇಟರ್ ಬದಲಿಸಿದೆ, ಆಗಲೂ ಕಡಿಮೆ. ಸಂಜೆ ಏಜೆನ್ಸಿಗೆ ಬಂದು, ಬಂದ ಮಾಲೆಲ್ಲ ಕೆಟ್ಟಿದೆ ಎಂದು ಗದ್ದಲ ಎಬ್ಬಿಸಿದೆ. ಖಾಜಾ ಸಾಬರು ನಳಿಯನ್ನು ಬೆಳಕಿಗೆ ಹಿಡಿದರು. ಕುಂಕುಮವೆಲ್ಲ ಕೆಳಗಿನ ಬಾಗಿನಲ್ಲಿ ಕೆಸರಾಗಿ ಕೂತು ನೀರಿನ ದಾರಿ ಕಟ್ಟಿಬಿಟ್ಟಿತ್ತು. "ರೆಗ್ಯುಲೇಟರ್ ಎಲ್ಲಾ ಛಲೋ ಅದಾವಪ್ಪ. ನಿನ್ನ ನಳೀಗಿ ಮುತ್ತೈದಿತನ ಬಂದೈತಿ" ಎಂದರು. ಏಜೆನ್ಸಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ನೇಕಾರರ ಓಣಿಗೆ ಹೋಗಿ, ರೇಷ್ಮೆಗೆ ಹಾಕುವ ಕೆಂಪು ಬಣ್ಣವನ್ನೇ ಚೂರು ತಂದು ಕಲಸುವುದು ರೂಢಿಯಾಯಿತು. ಅದು ತಳಕ್ಕೆ ಕೂರುವುದಿಲ್ಲ.

ಇನ್ನೊಂದು ಸಲ ನಾರ್ವ ಎಂಬ ಹಳ್ಳಿಯ ಶಾಲೆಯಲ್ಲಿ, ಬಿಸಿಯೂಟದ ಅಡುಗೆಗೆ ಹಾಕಿದ ಹೊಸ ಪೈಪು. ಸಿಲಿಂಡರು ಹಿತ್ತಲಲ್ಲಿ, ಪೈಪು ಗೋಡೆಯ ಹೊರಮೈ ಹಿಡಿದು ಒಳಗೆ ಬಂದಿತ್ತು. ನಾನು ಸಿಲಿಂಡರ್ ಬಂದ್ ಮಾಡಿ ನೀರು ನೋಡುತ್ತ ಕೂತೆ. ಇಳಿಯುತ್ತದೋ ನಿಲ್ಲುತ್ತದೋ ಎಂದು ನೋಡಿದರೆ, ಏರತೊಡಗಿತು! ಯಾರೂ ಗ್ಯಾಸು ಬಿಟ್ಟಿಲ್ಲ, ಗೀರಿನಿಂದ ಗೀರಿಗೆ ತಾನಾಗಿಯೇ ಏರುತ್ತಿದೆ. ಹಿತ್ತಲಿಗೆ ಓಡಿ ನೋಡಿದೆ, ಬಂದ್ ಇದೆ. ಅಡುಗೆಯ ಹೆಂಗಸರನ್ನೆಲ್ಲ ಹೊರಗೆ ಕಳಿಸಿ, ಬೇವಿನ ಮರದ ಕೆಳಗೆ ಕೂತಿದ್ದ ಖಾಜಾ ಸಾಬರನ್ನು ಕರೆದೆ. ಅವರು ಗಡಿಬಿಡಿಯಿಲ್ಲದೆ ಬಂದು ಪೈಪಿನ ಮೇಲೆ ಅಂಗೈ ಇಟ್ಟರು.

"ಬಿಸಿಲು ಬಿದ್ದೈತಿ ನೋಡು. ಗ್ಯಾಸ್ ಬಿಸಿಗಿ ಹಿಗ್ತೈತಿ. ಪೈಪಿನಾಗ ಜಾಗಾ ಇಲ್ಲ, ಅದಕ್ಕ ನೀರ್ ದಬ್ತೈತಿ. ಸೋರದ ಪೈಪಿಗಿ ಬಿಸಿಲು ಬಿದ್ರ ನೀರು ಏರಲೇಬೇಕು. ಇದಕ್ಯಾಕ ಇಷ್ಟು ಬೆವತೀ?" ಎಂದರು. ನೆರಳು ಬಂದ ಮೇಲೆ ನೀರು ತಾನೇ ಇಳಿಯಿತು. ಅಲ್ಲಿಂದ ನಾನು ಹೊರಗಿನ ಪೈಪು ಪರೀಕ್ಷೆ ಮಾಡಬೇಕಾದರೆ ಮುಂಜಾನೆ ನೆರಳಲ್ಲೇ ಮಾಡುತ್ತಿದ್ದೆ. ಮ್ಯಾನೇಜರಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. "ಎಷ್ಟೊತ್ತು ಆ ನೀರು ನೋಡ್ತೀಯೋ? ಅದರಾಗೇನ್ ಸಿನೆಮಾ ನಡದೈತಿ?" ಎಂದು ರೇಗುತ್ತಿದ್ದ. ಈಗಿನವರ ಕೈಯಲ್ಲಿ ಅಂಗೈಯಗಲದ ಡಬ್ಬಿ ಇದೆ, ಅಂಕಿ ತೋರಿಸುತ್ತದೆ, ಒಳ್ಳೆಯದೇ. ಆದರೆ ಬಿಸಿಲು ಎಲ್ಲಿದೆ ಎಂದು ಆ ಡಬ್ಬಿ ಹೇಳುವುದಿಲ್ಲ, ತಲೆಯೆತ್ತಿ ನೀವೇ ನೋಡಬೇಕು.

ಈಗ ಗದ್ವಾಲದ ಮಾತಿಗೆ ಬರುತ್ತೇನೆ.

ಆಗಿನ್ನೂ ತೆಲಂಗಾಣ ಬಂದಿರಲಿಲ್ಲ. ನಾರಾಯಣಪೇಟೆ, ಗದ್ವಾಲ ಎಲ್ಲ ಸೇರಿ ಒಂದೇ ಪಾಲಮೂರು ಜಿಲ್ಲೆ. ರಾಜ್ಯ ಕೊಡಿ ಎಂದು ಎಲ್ಲೆಲ್ಲೂ ಸಮ್ಮೆ, ಅಂದರೆ ಮುಷ್ಕರ. ಬಸ್ಸು ನಿಂತಿದ್ದವು, ಶಾಲೆ ಮುಚ್ಚಿದ್ದವು, ಕಚೇರಿಗಳಿಗೆ ಬೀಗ. ನಮ್ಮ ಓಣಿಯ ಕನ್ನಡದವರು ಕಟ್ಟೆಯ ಮೇಲೆ ಕೂತು, "ನಮ್ಮನ್ನ ಯಾರು ಕೇಳ್ತಾರ? ರಾಯಚೂರಿಗೂ ಬ್ಯಾಡಾದ್ವಿ, ಹೈದ್ರಾಬಾದಿಗೂ ಬ್ಯಾಡಾದ್ವಿ" ಎಂದು ಒಬ್ಬರಿಗೊಬ್ಬರು ದಿಗಿಲು ಹಂಚಿಕೊಳ್ಳುತ್ತಿದ್ದರು. ಮತ್ತೆ ಅವರೇ ಮರುದಿನ ಕೊರಳಿಗೆ ಗುಲಾಬಿ ಬಣ್ಣದ ಶಾಲು ಹಾಕಿಕೊಂಡು ಮೆರವಣಿಗೆಗೆ ಹೋಗುತ್ತಿದ್ದರು.

ಆ ಹೊತ್ತಿಗೆ ನನ್ನ ಒಬ್ಬಳೇ ಮಗಳು ಶಿವಲೀಲಾಳನ್ನು ಗದ್ವಾಲದ ಬಣ್ಣ ಹಾಕುವ ಮನೆತನಕ್ಕೆ ಕೊಟ್ಟು ವರ್ಷ ತುಂಬುತ್ತಿತ್ತು. ಬೀಗರು ಸಿದ್ರಾಮಪ್ಪ, ಅವರ ಹೆಂಡತಿ ಶರಣಮ್ಮ. ಸೀರೆ ನೇಯುವವರು ತಂದುಕೊಡುವ ರೇಷ್ಮೆ ನೂಲಿಗೆ ಬಣ್ಣ ಕಾಯಿಸಿ ಕೊಡುವುದು ಅವರ ಕಸುಬು. ಮೊದಲು ಕಟ್ಟಿಗೆಯ ಒಲೆ ಇತ್ತು. ಗ್ಯಾಸಿನವನ ಮಗಳು ಬಂದ ಮೇಲೆ ಗ್ಯಾಸಿನ ಒಲೆಯಾಯಿತು. ಆ ಪೈಪು ಹಾಕಿದವರು ಖಾಜಾ ಸಾಬರೇ. ಅವರು ಏಜೆನ್ಸಿ ಬಿಟ್ಟು ಸ್ವಂತ ಕೆಲಸ ಮಾಡುತ್ತಿದ್ದರು. ಬೀಗರಿಗೆ ಅವರ ಹೆಸರು ಹೇಳಿದವನು ನಾನು. ನಾನೇ ಯಾಕೆ ಹಾಕಲಿಲ್ಲ ಎಂದು ಕೇಳುತ್ತೀರಾ? ಮಗಳನ್ನು ಕೊಟ್ಟ ಮನೆಯಲ್ಲಿ ಬೀಗನಾದವನು ಕೈಗೆ ನಟ್ಟು ತಿರುಗಿಸುವ ಪಾನಾ ಹಿಡಿದು ಕೆಲಸಕ್ಕೆ ಕೂತರೆ ಆ ಮನೆಯವರ ಮಾನ ಹೋದಂತೆ. ಹೋದರೆ ಮಂಚದ ಮೇಲೆ ಕೂರಬೇಕು, ಚಹಾ ಕುಡಿಯಬೇಕು, ಎಲ್ಲ ಚೆನ್ನಾಗಿದೆ ಎನ್ನಬೇಕು. ಎಷ್ಟು ಸಲ ಹೋದರೂ ಅಷ್ಟೇ.

ಒಂದು ದಿನ ಶಿವಲೀಲಾ ಫೋನ್ ಮಾಡಿದಳು.

"ಅಪ್ಪಾ, ಹಬ್ಬದ ಸೀರಿ ಕೆಲಸ ಭಾಳ ಬಂದೈತಿ. ಇನ್ನೆರಡು ಒಲಿ ಹಾಕಸ್ಯಾರ. ನಾಳಿ ಪೂಜಾ ಮಾಡಿ ಹಚ್ತಾರ. ನೀ ಬಾ."

"ಬಸ್ಸ ಇಲ್ಲವ್ವ. ಎಲ್ಲಾ ಬಂದ್ ಐತಿ."

"ಬಂಡಿ ಮ್ಯಾಲ ಬಾ."

ಆಮೇಲೆ ದನಿ ತಗ್ಗಿಸಿ, "ನಿನ್ನ ಡಬ್ಬಿ ತಗೊಂಡ ಬಾ" ಎಂದು ಫೋನ್ ಇಟ್ಟಳು.

ಪೂಜೆಗೆ ಕರೆದ ಮಗಳು ಉಪಕರಣದ ಡಬ್ಬಿ ತಗೊಂಡು ಬಾ ಅನ್ನುತ್ತಾಳೆಂದರೆ ಏನರ್ಥ? ಮತ್ತೆ ಫೋನ್ ಹಚ್ಚಿದೆ, ಶರಣಮ್ಮನವರು ಎತ್ತಿದರು. ಅವರ ಹತ್ತಿರ ಕೇಳುವ ಮಾತೇ ಅದು? "ಬರ್ತೀನ್ರಿ ಅಕ್ಕಾರ" ಎಂದಷ್ಟೇ ಹೇಳಿದೆ. ನೀಲಮ್ಮನಿಗೆ ತಿಳಿಸಿದರೆ, "ನಿಮಗ ಎಲ್ಲಾದ್ರಾಗೂ ಗ್ಯಾಸಿಂದ ವಾಸನಿ. ಸುಮ್ನ ಹೋಗಿ ಹೋಳಿಗಿ ಉಂಡ ಬರ್ರಿ" ಎಂದಳು.

ಬೆಳಗಾಗುತ್ತಲೇ ಹೊರಟೆ. ಆತ್ಮಕೂರು ದಾಟಿ, ಜುರಾಲಾ ಅಣೆಕಟ್ಟಿನ ಮೇಲಿನಿಂದ ಕೃಷ್ಣೆ ದಾಟಿದರೆ ಗದ್ವಾಲ. ಆದರೆ ಅಣೆಕಟ್ಟು ಮುಟ್ಟುವ ಮೊದಲೇ ರಸ್ತೆಗೆ ಅಡ್ಡವಾಗಿ ಬಂಡೆ ಇಟ್ಟು, ನಡುರಸ್ತೆಯಲ್ಲೇ ಅಡುಗೆ ಹೂಡಿದ್ದರು. ಆಗ ಅದೊಂದು ಹೋರಾಟದ ರೀತಿ. ಊರ ಜನವೆಲ್ಲ ರಸ್ತೆಯ ಮೇಲೆ ಅನ್ನ ಸಾರು ಬೇಯಿಸಿ ಅಲ್ಲೇ ಸಾಲಾಗಿ ಕೂತು ಉಣ್ಣುವುದು, ಯಾವ ಬಂಡಿಯನ್ನೂ ಬಿಡದಿರುವುದು. ನನ್ನನ್ನೂ ನಿಲ್ಲಿಸಿದರು. ಬಣ್ಣದ ಶಾಲಿನವನೊಬ್ಬ ಡಬ್ಬಿ ತೆರೆಸಿ, ಗಾಜಿನ ನಳಿ ನೋಡಿ, "ಇದೇಂದನ್ನಾ, ಸೆಲೈನಾ?" ಎಂದು ತೆಲುಗಿನಲ್ಲಿ ಕೇಳಿದ. ಗ್ಯಾಸ್ ಮೆಕ್ಯಾನಿಕ್ ಎಂದೆ. ಹೇಳಬಾರದಿತ್ತು. ಅವರ ದೊಡ್ಡ ಒಲೆ ಬೆಳಗಿನಿಂದ ಹತ್ತಿರಲಿಲ್ಲ, ಅಕ್ಕಿ ನೆನೆದು ಕೂತಿತ್ತು.

"ರಾ ಅನ್ನಾ, ರಾ!" ಎಂದು ನನ್ನನ್ನು ಎತ್ತಿಕೊಂಡೇ ಹೋದರು. ಬರ್ನರಿನ ತೂತಿನಲ್ಲಿ ಜೇಡ ಗೂಡು ಕಟ್ಟಿತ್ತು. ತಂತಿ ಹಾಕಿ ತೆಗೆದೆ, ಒಲೆ ಭುಗ್ಗೆಂದು ಹತ್ತಿತು. ಜನ ಜಯಕಾರ ಹಾಕಿದರು. ಇನ್ನೇನು ಬಿಡುತ್ತಾರೆ ಎಂದುಕೊಂಡರೆ, ಉಣ್ಣದೆ ಹೋಗುವ ಹಾಗಿಲ್ಲ ಎಂದು ಹಟ. ಮಗಳು ಕಾಯುತ್ತಿದ್ದಾಳೆ ಎಂದು ಕೈಮುಗಿದೆ. ಅನ್ನ ಬೇಯುವವರೆಗೂ ಅಲ್ಲೇ ಕೂರಿಸಿದರು. ಪ್ರೀತಿಯಿಂದ ಬಡಿಸಿದ ಅನ್ನವನ್ನು ರುಚಿಯೂ ನೋಡದೆ ಗಬಗಬ ನುಂಗಿ ಎದ್ದೆ. ಪೂಜೆ ಆಗಿಬಿಟ್ಟಿರುತ್ತದೆ, ಒಲೆ ಹಚ್ಚಿಬಿಟ್ಟಿರುತ್ತಾರೆ, ಡಬ್ಬಿ ತಗೊಂಡು ಬಾ ಎಂದಿದ್ದಳಲ್ಲ, ಇದೇ ತಲೆಯಲ್ಲಿ ಗಿರಗಿರ.

ಗದ್ವಾಲ ಮುಟ್ಟಿದಾಗ ಸೂರ್ಯ ನೆತ್ತಿ ದಾಟುತ್ತಿದ್ದ. ದೇವರ ದಯೆ, ಪೂಜೆ ಇನ್ನೂ ಆಗಿರಲಿಲ್ಲ. ಹೊಸ ಒಲೆಗಳ ಪೈಪು ಪರೀಕ್ಷಿಸಬೇಕಿದ್ದ ಖಾಜಾ ಸಾಬರಿಗೂ ರಸ್ತೆಯಲ್ಲಿ ತಡವಾಗಿ ಅವರು ಆಗಷ್ಟೇ ಬಂದಿದ್ದರು. ಸಿದ್ರಾಮಪ್ಪನವರು ಬಾಗಿಲಿಗೇ ಬಂದು ಕಾಲಿಗೆ ನೀರು ಕೊಟ್ಟರು. ನನ್ನ ಕೈಯ ಡಬ್ಬಿ ನೋಡಿ ನಕ್ಕರು.

"ಇದೇನ್ರಿ ಬೀಗರ, ಹೋಳಿಗಿ ತಿನ್ನಾಕ ಪಾನಾ ತಂದೀರೇನು?"

"ದಾರ್ಯಾಗ ಬಂಡಿ ಕೆಟ್ರ ಬೇಕಾಗ್ತೈತಂತ…" ಎಂದು ತೊದಲಿದೆ.

ಮಗಳು ಚಹಾ ತಂದುಕೊಟ್ಟಳು. ಮುಖ ಸೊರಗಿತ್ತು. ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಆರಾಮಿದ್ದೀಯೇನವ್ವ?" ಎಂದೆ. "ಆರಾಮಿದ್ದೀನಪ್ಪ" ಎಂದಳು. ಕಣ್ಣು ಮಾತ್ರ ನೂಲಿನ ಕೋಣೆಯ ಕಡೆ ಹೋಗಿ ಬಂತು.

ಆ ಮನೆಯ ರಚನೆ ಹೇಳಿಬಿಡುತ್ತೇನೆ. ಅಂಗಳದ ಮೂಲೆಯಲ್ಲಿ ತಗಡಿನ ಕೆಳಗೆ ದೊಡ್ಡ ಸಿಲಿಂಡರುಗಳು. ಅಲ್ಲಿಂದ ಕಬ್ಬಿಣದ ಪೈಪು ಪಡುವಣ ಗೋಡೆ ಹಿಡಿದು ಬಂದು, ನೂಲು ಇಡುವ ಕೋಣೆಯನ್ನು ಹಾದು, ಅದರ ಹಿಂದಿನ ಬಣ್ಣದ ಪಡಸಾಲೆಯ ಒಲೆಗಳಿಗೆ ಹೋಗುತ್ತಿತ್ತು. ಬಿಸಿಲಿಗೆ ರೇಷ್ಮೆಯ ಬಣ್ಣ ಹಾರುತ್ತದೆಂದು ನೂಲಿನ ಕೋಣೆಯ ಕಿಟಕಿ ಸದಾ ಮುಚ್ಚಿರುತ್ತಿತ್ತು. ರಾತ್ರಿ ಒಲೆಯ ಗುಂಡಿ ತಿರುಗಿಸಿ ಆರಿಸುತ್ತಿದ್ದರೇ ಹೊರತು ಸಿಲಿಂಡರ್ ಬಂದ್ ಮಾಡುವ ರೂಢಿ ಇರಲಿಲ್ಲ. ಇನ್ನು ವಾಸನೆ ಅಂದರೆ, ಬಣ್ಣ ಬಿಡಿಸುವ ಪುಡಿಯ ಗಂಧಕದ ನಾತ, ಸೋಡಾ, ರೇಷ್ಮೆ ಕುದಿಸಿದ ಸಾಬೂನಿನ ನಾತ, ಎಲ್ಲ ಸೇರಿ ಮೂಗು ಸತ್ತೇ ಹೋಗುವಂಥ ಮನೆ. ಅಲ್ಲಿ ಗ್ಯಾಸು ಸೋರಿದರೂ ಗೊತ್ತಾಗುವ ಬಗೆ ಯಾವುದು?

ಖಾಜಾ ಸಾಬರು ತಮ್ಮ ನಳಿ ಹಚ್ಚಿದರು, ಸಿಲಿಂಡರ್ ಬಂದ್ ಮಾಡಿದರು, ನೆರಳಲ್ಲಿ ಗೋಡೆಗೆ ಬೆನ್ನು ಕೊಟ್ಟು ನೀರು ನೋಡುತ್ತ ಕೂತರು. ನಾನು ಎದ್ದು ಹತ್ತಿರ ಹೋಗಲು ನೋಡಿದೆ. "ಕೂಡ್ರಿ ಬೀಗರ, ಅವರು ನೋಡ್ಕೋತಾರ" ಎಂದು ಸಿದ್ರಾಮಪ್ಪ ಭುಜ ಹಿಡಿದು ಮಂಚದ ಮೇಲೆ ಕೂರಿಸಿದರು. ಕೂತಲ್ಲಿಂದಲೇ ನೋಡಿದೆ. ಕೆಂಪು ನೀರು ಗೀರಿಗೆ ಸರಿಯಾಗಿ ನಿಂತಿತ್ತು. ಅಳಿಯ, ಆಳುಗಳು ಎಲ್ಲ ಸುತ್ತ ನಿಂತಿದ್ದರು. ಯಾರೂ ಪಿಟಕ್ಕೆನ್ನಲಿಲ್ಲ.

ನೀರು ಅಲುಗಾಡಲಿಲ್ಲ. "ಬರಾಬರ್ ಐತಿ. ಒಂದ್ ಕೂದಲ ಎಳಿನಷ್ಟೂ ಇಳದಿಲ್ಲ" ಎಂದರು ಖಾಜಾ ಸಾಬರು. ಎಲ್ಲರ ಮುಖ ಅರಳಿತು. ನಾನೂ ಉಸಿರು ಬಿಟ್ಟು ಚಹಾದ ಬಟ್ಟಲು ಎತ್ತಿದೆ.

ಆಗಲೇ ನನ್ನ ಕಣ್ಣು ಗೋಡೆಯ ಮೇಲೆ ಹೋಯಿತು. ಅವರು ಪರೀಕ್ಷೆ ಶುರುಮಾಡಿದಾಗ ಪಡುವಣ ಗೋಡೆ ನೆರಳಲ್ಲಿತ್ತು. ಸೂರ್ಯ ಮಾಳಿಗೆ ದಾಟಿ ಈ ಕಡೆ ಇಳಿದಿದ್ದ. ಬಿಸಿಲು ಈಗ ಪೈಪಿನ ಉದ್ದಕ್ಕೂ ಬಿದ್ದಿತ್ತು. ಮಳೆ ಬಿಟ್ಟ ಮೇಲಿನ ಚುರುಚುರು ಬಿಸಿಲು. ಕಬ್ಬಿಣ ಕಾಯುತ್ತಿರಬೇಕು. ಕಾದರೆ ನೀರು ಏರಬೇಕು. ಏರಿಲ್ಲವಲ್ಲ! ಬಿಸಿಲು ಎಷ್ಟು ದಬ್ಬುತ್ತಿದೆಯೋ ಅಷ್ಟು ಗ್ಯಾಸು ಎಲ್ಲಿಂದಲೋ ಹೊರಗೆ ಹೋಗುತ್ತಿದೆಯೇನು? ಅಥವಾ ಬಿಸಿಲು ಈಗಷ್ಟೇ ಬಿದ್ದಿದ್ದು, ಪೈಪು ಇನ್ನೂ ಕಾದಿಲ್ಲವೇನು? ನನ್ನ ಅಂಜುಬುರುಕತನವೇ ಮಾತಾಡುತ್ತಿದೆಯೇನು? ನನಗೆ ಕಲಿಸಿದ ಗುರುವಿಗೆ, ಬೀಗರ ಮನೆಯಲ್ಲಿ, ಇಷ್ಟು ಜನರ ಮುಂದೆ, ನಿಮ್ಮ ಪರೀಕ್ಷೆ ತಪ್ಪು ಎಂದು ಹೇಗೆ ಹೇಳಲಿ?

ಅಷ್ಟರಲ್ಲಿ ಶರಣಮ್ಮನವರು ಆರತಿಯ ತಟ್ಟೆ ಹಿಡಿದು ದೇವರ ಮನೆಯಿಂದ ಬಂದರು. ಎರಡು ಬತ್ತಿ ಉರಿಯುತ್ತಿದ್ದವು. ಹೊಸ ಒಲೆಗಳ ಹತ್ತಿರ ಹೋಗಬೇಕಾದರೆ ನೂಲಿನ ಕೋಣೆಯ ಒಳಗಿಂದಲೇ ದಾರಿ. "ಬಾ ಶಿವಲೀಲಾ, ಬಾಗಲಾ ತಗಿ" ಎಂದರು. ನನ್ನ ಮಗಳು ಬಾಗಿಲ ಹತ್ತಿರ ಹೋದಳು, ಚಿಲಕಕ್ಕೆ ಕೈ ಹಾಕಲಿಲ್ಲ. ತಿರುಗಿ ನನ್ನ ಮುಖ ನೋಡಿದಳು.

ಆ ನೋಟ ಸಾಕಾಯಿತು. ಚಹಾದ ಬಟ್ಟಲು ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿಹೋಗಿ ಶರಣಮ್ಮನವರ ಮುಂದೆ ನಿಂತು, ಅವರು ಏನಾಯಿತೆಂದು ಕೇಳುವ ಮೊದಲೇ, ಆರತಿಯ ಎರಡೂ ದೀಪ ಬಾಯಿಂದ ಉಫ್ ಎಂದು ಊದಿ ಆರಿಸಿಬಿಟ್ಟೆ.

ನಮ್ಮ ಕಡೆ ದೀಪ ಆರಿಸು ಎಂಬ ಮಾತನ್ನೂ ಆಡುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಹೆಣ್ಣು ಕೊಟ್ಟವನು ಬೀಗಿತ್ತಿಯ ಕೈಯಲ್ಲಿನ ಪೂಜೆಯ ದೀಪವನ್ನು ಎಂಜಲ ಉಸಿರಿನಿಂದ ಊದಿದ್ದ. ಶರಣಮ್ಮನವರ ಕೈಯ ತಟ್ಟೆ ವಾಲಿ ಅಕ್ಕಿ ಚೆಲ್ಲಿತು.

"ಏನ್ ಮಾಡಿದ್ರಿ ಬೀಗರ ಇದು?" ಸಿದ್ರಾಮಪ್ಪನವರ ದನಿ ಮೆಲ್ಲಗಿತ್ತು. ಕಿರುಚಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಬಿಸಿಲು… ಪೈಪಿನ ಮ್ಯಾಲ ಬಿಸಿಲು ಬಿದ್ದೈತ್ರಿ. ನೀರು ಏರಬೇಕಿತ್ರಿ. ಏರಿಲ್ರಿ" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. "ನೀರು ಇಳೀಬಾರದು ಅಂದಾರ, ಇಳದಿಲ್ಲ. ಮತ್ತೇನ್ರಿ ನಿಮ್ಮದು?" ಎಂದರು.

ಅರ್ಥವಾದದ್ದು ಒಬ್ಬರಿಗೇ. ಖಾಜಾ ಸಾಬರು ಎದ್ದು ಹೋಗಿ ಪೈಪಿನ ಮೇಲೆ ಅಂಗೈ ಇಟ್ಟರು, ಚಕ್ಕನೆ ಹಿಂದೆ ತೆಗೆದರು. ಬಾಯಲ್ಲಿನ ಲವಂಗ ಉಗುಳಿ, "ಯಾರೂ ಬಟನ್ ಮುಟ್ಟಬ್ಯಾಡ್ರಿ. ಬೀಡಿ ಬ್ಯಾಡ, ಕಡ್ಡಿ ಬ್ಯಾಡ. ಆ ಬಾಗಲಾ ಹಂಗಾ ಇರಲಿ. ಕಿಡಕಿ ಹೊರಗಿನಿಂದ ತಗೀರಿ. ಗೋಣಿಚೀಲ ತೊಯ್ಸಿ ತರ್ರಿ" ಎಂದರು. ನನ್ನ ಕಡೆ ತಿರುಗಿ, "ಚನ್ನಾ, ನೀನೂ ಬಾ" ಎಂದರು. ಆಗ ಬೀಗರೂ ನನ್ನನ್ನು ತಡೆಯಲಿಲ್ಲ.

ಒದ್ದೆ ಗೋಣಿಚೀಲಗಳನ್ನು ಪೈಪಿನ ಉದ್ದಕ್ಕೂ ಹೊದಿಸಿದೆವು. ತಂಪಿಗೆ ನೀರು ಸರ್ರನೆ ಇಳಿಯಿತು. "ಸೋರ್ತೈತಿ, ಸೋರ್ತೈತಿ!" ಎಂದು ಅಳಿಯ ಕೂಗಿದ. ಅದು ತಂಪಿನ ಇಳಿತ, ಲೆಕ್ಕಕ್ಕಿಲ್ಲ ಎಂದೆ. ಪೈಪು ಪೂರ್ತಿ ತಣ್ಣಗಾಗುವವರೆಗೆ ಕಾದು, ಕೋಣೆಯೊಳಗೆ ಗಾಳಿಯಾಡಿದ ಮೇಲೆ ಮತ್ತೆ ಗ್ಯಾಸು ಬಿಟ್ಟು, ಬಂದ್ ಮಾಡಿ, ಹೊಸದಾಗಿ ನೋಡಬೇಕು. ನಾನು ಚೀಲಗಳಿಗೆ ನೀರು ಹಾಕುತ್ತಿದ್ದೆ, ಖಾಜಾ ಸಾಬರು ನಳಿ ಹಿಡಿದಿದ್ದರು.

ಆ ಕಾಯುವಿಕೆಯನ್ನು ಹೇಗೆ ಹೇಳಲಿ? ಶರಣಮ್ಮನವರು ಆರಿದ ದೀಪದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನೀರು ನಿಂತರೆ ನನ್ನ ಮಗಳ ಗತಿ ಏನು? ಪೂಜೆಯ ದೀಪ ಊದಿದವನ ಮಗಳು ಎಂದು ಬಾಳೆಲ್ಲ ಅನ್ನಿಸಿಕೊಳ್ಳಬೇಕು. ಮನೆಯಲ್ಲಿ ಹಾಲು ಒಡೆದರೂ, ಮಗುವಿಗೆ ಜ್ವರ ಬಂದರೂ, ಈ ದೀಪದ ಮಾತು ಬರುತ್ತದೆ. ಎಂದೂ ಯಾವ ಮನೆಯಲ್ಲೂ ಕೇಳಿಕೊಳ್ಳದ್ದನ್ನು ಅವತ್ತು ಕೇಳಿಕೊಂಡೆ. ನೀರು ಇಳಿಯಲಿ ಶಿವನೇ, ಸೋರಲಿ ಎಂದು, ನನ್ನ ಸ್ವಂತ ಮಗಳ ಮನೆಯಲ್ಲಿ ಗ್ಯಾಸು ಸೋರಲಿ ಎಂದು ಬೇಡಿಕೊಂಡೆ. ಅಂಥ ತಂದೆ ನಾನು.

ನೀರು ಇಳಿಯಿತು. ಬಹಳ ಮೆಲ್ಲಗೆ, ನೋಡುತ್ತಿದ್ದರೆ ಕಾಣದ ಹಾಗೆ, ಕಣ್ಣು ಮಿಟುಕಿಸಿ ನೋಡಿದರೆ ಮಾತ್ರ ಗೀರಿನಿಂದ ಕೆಳಗೆ. ಖಾಜಾ ಸಾಬರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸಾಬೂನಿನ ನೊರೆ ಮಾಡಿಕೊಂಡು ನೂಲಿನ ಕೋಣೆಗೆ ಹೋದೆವು. ರೇಷ್ಮೆ ಲಡಿಗಳ ಕಪಾಟಿನ ಹಿಂದೆ, ನೆಲದ ಹತ್ತಿರ, ಪೈಪಿನ ಜೋಡಣೆಯೊಂದಿತ್ತು. ನೊರೆ ಹಚ್ಚಿದ ಕೂಡಲೇ ಹಾಲು ಕಾಯುವಾಗ ಬರುವಂಥ ಗುಳ್ಳೆ ಉಬ್ಬಿ ಉಬ್ಬಿ ಒಡೆಯತೊಡಗಿತು. ಆ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ಕೂರುತ್ತದೆ. ಮುಚ್ಚಿದ ಕೋಣೆ, ನೆಲದ ತುಂಬ ಗ್ಯಾಸು, ಎರಡು ಬತ್ತಿಯ ಆರತಿ.

"ನಿನಗ ಬಿಸಿಲಿನ ಪಾಠ ಹೇಳಿದವ ನಾನೇ, ಇವತ್ತ ನಾನೇ ಬಿಸಿಲಿಗೆ ಬೆನ್ನ ಮಾಡಿ ಕುಂತಿದ್ದೆ" ಎಂದಷ್ಟೇ ಹೇಳಿ ಖಾಜಾ ಸಾಬರು ಜೋಡಣೆ ಬಿಚ್ಚತೊಡಗಿದರು. ನಾನು ಪಾನಾ ಹಿಡಿದೆ. ಬೀಗರು ನೋಡುತ್ತ ನಿಂತಿದ್ದರು, ಮಾನದ ಮಾತು ಯಾರಿಗೂ ನೆನಪಾಗಲಿಲ್ಲ.

ಕೆಲಸ ಮುಗಿದ ಮೇಲೆ ಹಿತ್ತಲಲ್ಲಿ ಕೈ ತೊಳೆಯುವಾಗ ಮಗಳು ನೀರು ಹಾಕುತ್ತಿದ್ದಳು.

"ನಿನಗ ಗೊತ್ತಿತ್ತೇನವ್ವ?"

"ವಾಸನಿ ಬರ್ತಿತ್ತಪ್ಪ. ಒಂದ್ಸಲ ಅತ್ತೀಗಿ ಅಂದೆ. 'ಬಣ್ಣದ ಮನಿ ಅಂದ್ರ ನಾತ ಇರ್ತೈತಿ, ನಿಮ್ಮಪ್ಪನಂಗ ನಿನಗೂ ಎಲ್ಲಾ ಗ್ಯಾಸ ಕಾಣಸ್ತೈತಿ' ಅಂತ ಎಲ್ಲಾರೂ ನಕ್ರು. ಮತ್ತ ಅಂದ್ರ, ಬಂದ ಮನಿ ನಾರ್ತೈತಿ ಅಂತಾಳ ಅನ್ನಂಗಿಲ್ಲೇನು?"

"ಮತ್ತ ಇಷ್ಟು ದಿನ?"

"ದಿನಾ ಎಲ್ಲಾರಕಿಂತ ಮೊದ್ಲ ಏಳತಿದ್ದೆ. ಆ ಕ್ವಾಣಿಗಿ ಹೋಗಿ ಕಿಡಕಿ ತಗದು, ಗಾಳಿ ಆಡಿದ ಮ್ಯಾಲ ಬಿಸಿಲು ಬರೂದ್ರಾಗ ಮುಚ್ಚತಿದ್ದೆ. ಆಮ್ಯಾಲ ಒಲಿ ಹಚ್ಚೋರು ಏಳತಿದ್ರು."

"ಕತ್ತಲದಾಗ?"

"ಲೈಟ್ ಹಾಕಬಾರದಲ್ಲಪ್ಪ. ಕೈಲೆ ತಡವಿಕೋತ ಹೋಗತಿದ್ದೆ. ಇವತ್ತ ಪೂಜಾ ಅಂತ ಅತ್ತಿ ನನಕಿಂತ ಮೊದ್ಲ ಎದ್ದಿದ್ರು. ಹೋಗಾಕ ಆಗಲಿಲ್ಲ."

ಹಿಂದೆ ಏನೋ ಸದ್ದಾಯಿತು. ಶರಣಮ್ಮನವರು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಂದು, ನನ್ನ ಮಗಳ ಕೈಯಿಂದ ತಂಬಿಗೆ ಕಸಿದು ಕೆಳಗಿಟ್ಟು, ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತರು. "ಬಾಯಿ ಬಡ್ಕೊಂಡು ಹೇಳಬಾರದೇನ ನನ್ನವ್ವ? ಹೊಡದರೂ ಹೇಳಬಾರದೇನ?" ಎನ್ನುತ್ತಿದ್ದರು. ನನಗೆ ಅಳುವೂ ಬರಲಿಲ್ಲ. ಕತ್ತಲಲ್ಲಿ ಬರಿಗಾಲಲ್ಲಿ ಆ ಕೋಣೆಯ ನೆಲದ ಮೇಲೆ ನಡೆದುಹೋಗುವ ನನ್ನ ಮಗಳೇ ಕಣ್ಣ ಮುಂದಿದ್ದಳು.

ಆಮೇಲೆ ತೆಲಂಗಾಣ ಬಂತು, ಗದ್ವಾಲ ಜಿಲ್ಲೆಯಾಯಿತು, ನಾರಾಯಣಪೇಟೆಯೂ ಆಯಿತು. ನಾನು ನಿವೃತ್ತನಾಗುವವರೆಗೆ ಅದೇ ನಳಿ ಹಿಡಿದು ಊರೂರು ತಿರುಗಿದೆ. ಆದರೆ ಯಾವ ಮನೆಗೆ ಹೋದರೂ ಡಬ್ಬಿ ತೆರೆಯುವ ಮುನ್ನ ಆ ಮನೆಗೆ ಕಡೆಗೆ ಬಂದ ಸೊಸೆ ಯಾರು ಎಂದು ನೋಡಿ, ಅವಳನ್ನೇ ಕೇಳುತ್ತಿದ್ದೆ: "ವಾಸನಿ ಏನರ ಬರ್ತೈತೇನವ್ವ?" ಇಲ್ಲ ಎಂದು ತಟ್ಟನೆ ಹೇಳಿದರೆ ನಳಿ ಹಚ್ಚಿ ನೀರು ನೋಡುತ್ತಿದ್ದೆ. ಉತ್ತರ ಹೇಳುವ ಮುನ್ನ ಒಮ್ಮೆ ಅತ್ತೆಯ ಮುಖ ನೋಡಿದಳೆಂದರೆ, ನಳಿ ಹಾಗಿರಲಿ, ಮೊದಲು ಓಡಿಹೋಗಿ ಸಿಲಿಂಡರ್ ಬಂದ್ ಮಾಡುತ್ತಿದ್ದೆ.